ಕಾಲು ಕಟ್ಟಿಕೊಂಡು ಹತ್ತಿದ ಏರು

ಮಡಿಕೇರಿಯಿಂದ ಚೆಟ್ಟಳ್ಳಿಗೆ ಹೋಗುವ ದಾರಿಯಲ್ಲಿ, ಹಿಂದೆ ಬ್ರೆಡ್ಡಿನ ತಗಡಿನ ಪೆಟ್ಟಿಗೆ ಕಟ್ಟಿಕೊಂಡು, ಸೈಕಲ್ಲಿನಿಂದ ಇಳಿಯದೆ, ಒಂದು ಮಾರು ದೂರ ಕೂಡ ತಳ್ಳದೆ ಸುಬೇದಾರರ ಏರನ್ನು ಹತ್ತುತ್ತಿದ್ದವನು ಆ ಕಾಲದಲ್ಲಿ ನಾನೊಬ್ಬನೇ. ಜಂಭಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಜಂಭಕ್ಕೇ ಹೇಳುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಗೋಡೆಗೆ ನೇತುಹಾಕಲು ಸರ್ಟಿಫಿಕೇಟು ಇರುವುದಿಲ್ಲ. ನನಗಿರುವುದು ಆ ಏರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ವರ್ಷ ಆಗಿರಲಿಲ್ಲ. ಕಚೇರಿಗಳ ಬೋರ್ಡು ಬದಲಾಗಿದ್ದವು, ರಸ್ತೆಯ ಗುಂಡಿಗಳು ಹಳೆಯವೇ ಇದ್ದವು. ನಮ್ಮಪ್ಪ ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಗದ್ದೆ ಮಾಡಲು ಬಂದವರು. ನನಗೆ ಗದ್ದೆ ಒಗ್ಗಲಿಲ್ಲ. ಮೀಸೆ ಚಿಗುರುವ ವಯಸ್ಸಿಗೇ ಮಡಿಕೇರಿಯ ಬೇಕರಿಯೊಂದನ್ನು ಸೇರಿದೆ. ಮೊದಲು ಹಿಟ್ಟು ನಾದಿದೆ, ಆಮೇಲೆ ಒಲೆ ನೋಡಿಕೊಂಡೆ. ಕೊನೆಗೆ ಯಜಮಾನರು ಚೆಟ್ಟಳ್ಳಿ ಲೈನನ್ನು ನನಗೆ ಕೊಟ್ಟರು. ಬೆಳಕು ಹರಿಯುವ ಹೊತ್ತಿಗೆ ಬಿಸಿ ಬ್ರೆಡ್ಡು ತುಂಬಿಕೊಂಡು ಹೊರಡಬೇಕು, ಎಸ್ಟೇಟಿನ ಬಂಗಲೆಗಳಲ್ಲಿ ಕಾಫಿಗೆ ಕೂರುವ ಮೊದಲು ಮುಟ್ಟಿಸಬೇಕು. ಸೈಕಲ್ಲು ಬೇಕರಿಯದು, ಕಾಲು ನನ್ನದು.

ದಾರಿಯ ಬಹುಪಾಲು ಇಳಿಜಾರು, ತಿರುವು, ಸಣ್ಣಪುಟ್ಟ ದಿಣ್ಣೆ. ಚೆಟ್ಟಳ್ಳಿ ಹತ್ತಿರವಾಗುತ್ತಿದ್ದಂತೆ ಒಂದು ಏರು ಎದುರಾಗುತ್ತಿತ್ತು. ಅದರ ನಟ್ಟನಡುವೆ ಎಡಕ್ಕೆ ಒಂದು ಕಬ್ಬಿಣದ ಗೇಟು. ಪಟ್ಟಾಳದಲ್ಲಿ ಸುಬೇದಾರರಾಗಿ ರಿಟೈರಾಗಿ ಬಂದು ಕಾಫಿ ತೋಟ ನೋಡಿಕೊಂಡಿದ್ದ ಕೊಡವ ಹಿರಿಯರೊಬ್ಬರ ಮನೆಯ ಗೇಟದು. ಅದಕ್ಕೇ ಎಲ್ಲರ ಬಾಯಲ್ಲೂ ಅದು ಸುಬೇದಾರರ ಏರು. ಅವರು ಬೆಳಿಗ್ಗೆ ಆಳುಗಳಿಗೆ ಕೆಲಸ ಹಂಚಿ, ಕೈಯಲ್ಲಿ ಬೆತ್ತ ಹಿಡಿದು ಗೇಟಿನ ಹೊರಗೆ ಬಂದು ನಿಲ್ಲುತ್ತಿದ್ದರು. ರಸ್ತೆಯಲ್ಲಿ ಹೋಗಿಬರುವವರೆಲ್ಲ ಅವರ ಕಣ್ಣೆದುರೇ ಹಾಯಬೇಕು.

ಆಗ ನಮ್ಮ ಕಡೆ ಒಂದು ಪದ್ಧತಿ ಇತ್ತು. ಸೈಕಲ್ಲಿನಲ್ಲಿ ಹೋಗುವವನಿಗೆ ಎದುರು ದೊಡ್ಡವರು ಸಿಕ್ಕಿದರೆ ಅವನು ಇಳಿಯಬೇಕು. ಇಳಿದು, ಸೈಕಲ್ಲನ್ನು ಪಕ್ಕಕ್ಕೆ ಹಿಡಿದು, ಅವರು ದಾಟಿದ ಮೇಲೆ ಹತ್ತಬೇಕು. ಟಪಾಲಿನವನು ಇಳಿಯುತ್ತಿದ್ದ, ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಟೈ ಕಟ್ಟಿಕೊಂಡೇ ಇಳಿಯುತ್ತಿದ್ದ. ಇಳಿಯದವನನ್ನು ಯಾರೂ ಹೊಡೆಯುತ್ತಿರಲಿಲ್ಲ. ಸಂಜೆಯೊಳಗೆ ಅವನ ಮನೆಗೆ ಸುದ್ದಿ ಮುಟ್ಟುತ್ತಿತ್ತು, ಅಷ್ಟೇ.

ಸುಬೇದಾರರ ಏರಿನಲ್ಲಿ ಈ ಪದ್ಧತಿಯಿಂದ ಯಾರಿಗೂ ಕಷ್ಟವಿರಲಿಲ್ಲ, ಯಾಕೆಂದರೆ ಏರು ಶುರುವಾಗುವಲ್ಲಿಯೇ ಎಲ್ಲರೂ ಇಳಿದು ತಳ್ಳುತ್ತಿದ್ದರು. ನನಗೆ ಮಾತ್ರ ತಳ್ಳುವುದೆಂದರೆ ಮೈ ಉರಿಯುತ್ತಿತ್ತು. ಸೈಕಲ್ಲು ಇರುವುದು ನನ್ನನ್ನು ಹೊರಲಿಕ್ಕೋ, ನಾನು ಅದನ್ನು ಹೊರಲಿಕ್ಕೋ? ಬೇಸಿಗೆಯಲ್ಲಿ ಗೇಟಿನವರೆಗೂ ತುಳಿದುಕೊಂಡೇ ಹೋಗಿ, ಅಲ್ಲಿ ಇಳಿದು ನಮಸ್ಕಾರ ಹಾಕಿ, ಉಳಿದದ್ದನ್ನು ಹಲ್ಲು ಕಚ್ಚಿಕೊಂಡು ತಳ್ಳುತ್ತಿದ್ದೆ.

ಮಳೆಗಾಲ ಬಂದರೆ ಆಟ ಬೇರೆ. ನಮ್ಮ ಸೈಕಲ್ಲಿನ ಪೆಡಲು ಎಲ್ಲರ ಸೈಕಲ್ಲಿನಂತೆ ಚಪ್ಪಟೆ, ಎರಡು ರಬ್ಬರು ತುಂಡುಗಳದ್ದು. ಸವೆದು ಸವೆದು ಸೋಪಿನ ಬಿಲ್ಲೆಯಂತಾಗಿತ್ತು. ಮಳೆ ಹಿಡಿದ ವಾರದಲ್ಲೇ ಏರಿನ ಬುಡದಲ್ಲಿ ಎದ್ದು ನಿಂತು ಬಲವಾಗಿ ತುಳಿದಾಗ ಕಾಲು ಜಾರಿತು. ಪೆಡಲು ತಿರುಗಿ ಬಂದು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯಿತು. ನಾನು ಒಂದು ಕಡೆ, ಸೈಕಲ್ಲು ಒಂದು ಕಡೆ. ಪೆಟ್ಟಿಗೆಯ ಬಾಯಿ ತೆರೆದುಕೊಂಡು ಬ್ರೆಡ್ಡು ಚರಂಡಿಯ ಕೆಂಪು ನೀರಿನಲ್ಲಿ ದೋಣಿಯ ಹಾಗೆ ಹೊರಟಿತು.

ಕುಂಟುತ್ತಾ ವಾಪಸು ಬಂದರೆ ಯಜಮಾನರು ಕಾಲನ್ನು ನೋಡಲಿಲ್ಲ, ಪೆಟ್ಟಿಗೆಯನ್ನು ನೋಡಿದರು.

"ಹೋದ ಮಳೆಗಾಲದಲ್ಲೂ ಇದೇ ಕಥೆ ಆಯ್ತಲ್ಲಯ್ಯ?"

"ಆಗ ನಾಯಿ ಅಡ್ಡ ಬಂದಿದ್ದು ಯಜಮಾನ್ರೇ."

"ಈಗ ಏನು ಅಡ್ಡ ಬಂತು, ನಿನ್ನ ಕಾಲಾ? ನೋಡು, ಇನ್ನೊಂದು ಸಲ ಪೆಟ್ಟಿಗೆ ಬಿದ್ರೆ ಬ್ರೆಡ್ಡು ಬಸ್ಸಿಗೆ ಹಾಕ್ತೇನೆ. ಚೆಟ್ಟಳ್ಳಿ ಅಂಗಡೀಲಿ ಇಳಿಸಿದ್ರೆ ಬೇಕಾದವರು ಆಳು ಕಳಿಸಿ ತಗೊಳ್ತಾರೆ. ನೀನು ಒಲೆಗೆ ಸೌದೆ ಹಾಕಿಕೊಂಡಿರು."

ಚೆಟ್ಟಳ್ಳಿ ಲೈನು ಕೈತಪ್ಪಿದರೆ ನನಗೆ ಉಳಿಯುವುದೇನು? ಬೇಕರಿಯ ಹಿಂದಿನ ಹೊಗೆ. ಬಂಗಲೆಯ ಅಮ್ಮಂದಿರು "ಬಂದೆಯಾ, ನಿನ್ನನ್ನೇ ಕಾಯ್ತಾ ಇದ್ದೆವು" ಎನ್ನುತ್ತಿದ್ದ ಹುಡುಗ ನಾನು. ಸೌದೆ ಹಾಕುವವನನ್ನು ಯಾರು ಕಾಯುತ್ತಾರೆ?

ಕಾಲಿಗೆ ಬಟ್ಟೆ ಸುತ್ತಿಕೊಂಡು ಸಂಜೆ ಸೈಕಲ್ ಶಾಪಿಗೆ ಹೋದೆ. ಅಂಗಡಿ ಒಬ್ಬ ಮಲಯಾಳಿ ಮುದುಕನದು. ಎಲ್ಲರೂ ಅವನನ್ನು ಕಾಕ ಎನ್ನುತ್ತಿದ್ದರು. ಹೊಸ ರಬ್ಬರು ಕೇಳಲು ಹೋದವನ ಕಣ್ಣು ಮೂಲೆಯಲ್ಲಿ ಒರಗಿಸಿದ್ದ ಒಂದು ವಿಚಿತ್ರ ಸೈಕಲ್ಲಿನ ಮೇಲೆ ಬಿತ್ತು. ತೋಟ ಮಾರಿ ಸೀಮೆಗೆ ಹೊರಟ ಬಿಳಿ ದೊರೆಯೊಬ್ಬ ಬಿಟ್ಟುಹೋದ ರೇಸ್ ಸೈಕಲ್ಲಂತೆ. ಅದರ ಪೆಡಲಿಗೆ ರಬ್ಬರೇ ಇಲ್ಲ, ಸುತ್ತಲೂ ಗರಗಸದ ಹಾಗೆ ಹಲ್ಲು. ಮುಂದುಗಡೆ ಪಾದದ ತುದಿ ತೂರಿಸಲು ಉಕ್ಕಿನ ಪಟ್ಟಿಯ ಬಳೆ. ಅದರೊಳಗಿಂದ ಹಾದು ಪಾದದ ಮೇಲೆ ಬಿಗಿಯಲು ಒಂದು ಚರ್ಮದ ಬೆಲ್ಟು, ಅದಕ್ಕೊಂದು ಬಕಲ್.

"ಕಾಕಾ, ಇದೇನು, ಕೈದಿಗೆ ಹಾಕೋ ಕೋಳ ಇದ್ದ ಹಾಗೆ ಉಂಟಲ್ಲ?"

"ಕೋಳವೇ ಮೋನೆ. ಕಾಲು ಜಾರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಬಿಳಿ ದೊರೆಯ ಕಾಲಿಗೆ ಮಾಡಿದ್ದು, ನಿನಗೆ ಆಗ್ಲಿಕ್ಕಿಲ್ಲ."

"ಯಾಕೆ, ಪೆಡಲಿಗೆ ಕಾಲಿನ ಬಣ್ಣ ಗೊತ್ತಾಗ್ತದಾ?"

ಕಾಕ ನಕ್ಕುಬಿಟ್ಟ. ಭಾನುವಾರಗಳಲ್ಲಿ ಅಂಗಡಿಗೆ ಬಂದು ಪಂಕ್ಚರ್ ಹಾಕಿಕೊಡುವುದಾದರೆ ತೆಗೆದುಕೊಂಡು ಹೋಗು ಎಂದ. ಅವನೇ ಸ್ಪ್ಯಾನರು ಹಿಡಿದು ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಿದ. ಬರಿಗಾಲಿಗೆ ಆ ಹಲ್ಲು ತಡೆಯಲಾಗದು ಎಂದು ಸಂತೆಯಲ್ಲಿ ಒಂದು ಜೊತೆ ಕ್ಯಾನ್ವಾಸ್ ಶೂ ಕೂಡ ಕೊಂಡೆ.

ಬೆಲ್ಟ್ ಪೆಡಲು ಹೇಳಿದಷ್ಟು ಸುಲಭದ್ದಲ್ಲ. ಕಾಲಿಲ್ಲದಾಗ ಬಳೆ ತಲೆಕೆಳಗಾಗಿ ನೇತಾಡಿ ನೆಲಕ್ಕೆ ಕೆರೆಯುತ್ತದೆ. ಓಡುತ್ತಿರುವಾಗಲೇ ಅದನ್ನು ಶೂ ತುದಿಯಿಂದ ಒದ್ದು ತಿರುಗಿಸಿ, ಅದು ಮತ್ತೆ ಮಗುಚುವ ಮೊದಲು ಪಾದ ತೂರಿಸಬೇಕು. ಆಮೇಲೆ ಬಗ್ಗಿ ಬೆಲ್ಟು ಎಳೆದು ಬಿಗಿಯಬೇಕು. ಇಳಿಯಬೇಕಾದರೆ ಮೊದಲೇ ನೆನಪಿಟ್ಟುಕೊಂಡು ಬಗ್ಗಿ ಬಕಲ್ ಸಡಿಲಿಸಿ, ಪಾದವನ್ನು ಹಿಂದಕ್ಕೆ ಎಳೆಯಬೇಕು. ಪಕ್ಕಕ್ಕೆ ಎಳೆದರೆ ಬರುವುದಿಲ್ಲ. ಬೇಕರಿಯ ಹಿಂದಿನ ಬಯಲಿನಲ್ಲಿ ನಾನು ಬಿದ್ದ ಬೀಳುಗಳನ್ನು ನೋಡಲೆಂದೇ ಒಲೆಯವರು ಒಲೆ ಬಿಟ್ಟು ಬರುತ್ತಿದ್ದರು. ಸೈಕಲ್ಲು ನಿಂತಿದೆ, ನಾನು ಅದರ ಮೇಲೆ ಕುಳಿತೇ ಇದ್ದೇನೆ, ಇಬ್ಬರೂ ನಿಧಾನವಾಗಿ ಕಡಿದ ಬಾಳೆಯ ಹಾಗೆ ಪಕ್ಕಕ್ಕೆ ಒರಗುತ್ತಿದ್ದೇವೆ. ಜಿಗಣೆಯೊಂದು ಶೂ ಒಳಗೆ ಸೇರಿ ಕಚ್ಚುತ್ತಿದ್ದರೂ ಕಾಲು ಬಿಡಿಸಿಕೊಳ್ಳಲಾಗದೆ ಬಯಲಿನ ಸುತ್ತ ಬೊಬ್ಬೆ ಹೊಡೆಯುತ್ತಾ ತುಳಿದದ್ದೂ ಉಂಟು.

ಆದರೆ ಕಲಿತ ಮೇಲೆ! ಅಲ್ಲಿಯವರೆಗೆ ನಾನು ಕಾಲನ್ನು ಕೆಳಕ್ಕೆ ಒತ್ತುವುದನ್ನು ಮಾತ್ರ ಬಲ್ಲವನಾಗಿದ್ದೆ. ಈಗ ಒಂದು ಕಾಲು ಒತ್ತುವಾಗ ಇನ್ನೊಂದು ಕಾಲು ಪೆಡಲನ್ನು ಮೇಲಕ್ಕೆ ಎಳೆಯುತ್ತಿತ್ತು. ಬಾವಿಯಿಂದ ನೀರು ಸೇದಿದ ಹಾಗೆ. ಒಂದೇ ಜೋಡಿ ಕಾಲಿಗೆ ಇನ್ನೊಂದು ಜೋಡಿ ಬಂದು ಸೇರಿದಂತಾಯಿತು. ಮಳೆ ಎಷ್ಟೇ ಸುರಿಯಲಿ, ಪಾದ ಅಲ್ಲಾಡುತ್ತಿರಲಿಲ್ಲ. ಮಡಿಕೇರಿಯ ದಿಣ್ಣೆಗಳು ನನಗೆ ಬಗ್ಗಿದವು.

ಹೊಸ ಪೆಡಲಿನಲ್ಲಿ ಚೆಟ್ಟಳ್ಳಿಗೆ ಹೊರಟ ಮೊದಲ ದಿನ ಏರಿನ ಬುಡದಲ್ಲಿ ಬೆಲ್ಟು ಬಿಗಿದು ತುಳಿದೆ. ಸೈಕಲ್ಲು ಹತ್ತಿತು. ಹತ್ತುತ್ತಲೇ ಇತ್ತು. ಹಿಗ್ಗಿನಲ್ಲಿ ಮೈಮರೆತಿದ್ದವನಿಗೆ ಗೇಟಿನ ಹತ್ತಿರ ಬೆತ್ತ, ಬಿಳಿ ಮೀಸೆ ಕಂಡವು. ಕಂಡ ಕೂಡಲೆ ಹುಟ್ಟಿದಾರಭ್ಯ ಆದ ಅಭ್ಯಾಸ ಕೆಲಸ ಮಾಡಿತು. ಇಳಿಯಲು ಹೋದೆ. ಕಾಲು ಬರಲಿಲ್ಲ. ಪೆಟ್ಟಿಗೆಯ ಸಮೇತ ಸುಬೇದಾರರ ಬೂಟಿನ ಪಕ್ಕ ಹೋಗಿ ಬಿದ್ದೆ. ಪೆಟ್ಟಿಗೆಯನ್ನು ಆ ಸಲ ಹಗ್ಗದಿಂದ ಬಿಗಿದಿದ್ದರಿಂದ ಬಾಯಿ ತೆರೆಯಲಿಲ್ಲ, ಪುಣ್ಯ.

ಅವರು ಬೆತ್ತದ ತುದಿಯಿಂದ ನನ್ನ ಹೆಗಲು ತಟ್ಟಿದರು. "ಎಂತ ಮಾರಾಯ, ಬೆಳಿಗ್ಗೇನೇ ಹಾಕಿದ್ದೀಯಾ?"

"ಇಲ್ಲ ಸುಬೇದಾರ್ರೇ, ಕಾಲು ಸಿಕ್ಕಿಕೊಳ್ತು."

"ಮತ್ತೆ ಏಳು. ಎಷ್ಟು ಹೊತ್ತು ಮಲಗ್ತೀಯಾ? ನನಗೆ ಬ್ರೆಡ್ಡು ಬೇಕು."

ಆ ದಿನ ಪಾರಾದೆ. ಆದರೆ ಯೋಚನೆ ಹತ್ತಿಕೊಂಡಿತು. ಗೇಟು ಇರುವುದು ಏರಿನ ಅತಿ ಕಡಿದಾದ ಜಾಗದಲ್ಲಿ. ಅಲ್ಲಿ ಬಗ್ಗಿ ಬಕಲ್ ಮುಟ್ಟಲು ಹ್ಯಾಂಡಲಿನಿಂದ ಕೈ ತೆಗೆದರೆ ಸೈಕಲ್ಲು ಮಲಗುತ್ತದೆ. ಕೆಳಗೇ ಸಡಿಲಿಸಿಕೊಂಡು ಬಂದರೆ ಎಳೆಯಲು ಬಲ ಇರುವುದಿಲ್ಲ, ಈ ಮಳೆಯಲ್ಲಿ ಅಲ್ಲಿಯವರೆಗೆ ಬರುವುದೇ ಇಲ್ಲ. ಏರಿನ ಬುಡದಲ್ಲೇ ಇಳಿದು ತಳ್ಳುವುದೇ? ಅಷ್ಟೆಲ್ಲ ಬಿದ್ದು ಎದ್ದು ಕಲಿತದ್ದು ಮತ್ತೆ ತಳ್ಳಲಿಕ್ಕಾ? ಮಾರನೆಯ ದಿನ ನಾನು ಇಳಿಯಲಿಲ್ಲ. ಅವರ ಎದುರು ಬರುತ್ತಿದ್ದಂತೆ ತಲೆ ತಗ್ಗಿಸಿ, ಎದೆಗೆ ಗಲ್ಲ ತಾಗಿಸಿ, "ನಮಸ್ಕಾರ ಸುಬೇದಾರ್ರೇ" ಎಂದು ಗೊಣಗಿ ದಾಟಿಬಿಟ್ಟೆ. ಬೆನ್ನ ಹಿಂದೆ ಒಂದು ಶಬ್ದ ಇಲ್ಲ. ಏರು ಪೂರ್ತಿ ಹತ್ತಿ, ಮೊದಲು ಮುಂದಿನ ಮನೆಗಳಿಗೆ ಹಾಕಿ, ವಾಪಸು ಬರುವಾಗ ಅವರ ಬ್ರೆಡ್ಡು ಕೊಡಲು ಗೇಟಿನಲ್ಲಿ ಇಳಿದರೆ, ಆಳು ಬಂದು ಹೇಳಿದ: "ನಿಮ್ಮ ಬ್ರೆಡ್ಡು ಇನ್ನು ಬೇಡಂತೆ."

ಸುಬೇದಾರರಿಗೆ ಬೇಡವೆಂದರೆ ಆ ಸಾಲಿನ ಮನೆಗಳಿಗೂ ಬೇಡ. ಎದುರಾದ ಎಸ್ಟೇಟಿನ ರೈಟರು ಇಳಿದು ಸೈಕಲ್ಲು ತಳ್ಳುತ್ತಲೇ ನನ್ನನ್ನು ನೋಡಿ ಹಲ್ಲು ಕಿರಿದ.

"ಏನಪ್ಪಾ, ಈಗ ನೀನೇ ದೊರೆಯಂತೆ? ನಾವೆಲ್ಲ ಇಳೀಬೇಕಾ ನಿನಗೆ?"

"ಇಳಿದೇ ಇದ್ದೀರಲ್ಲ ರೈಟ್ರೇ," ಎಂದೆ.

ಯಜಮಾನರಿಗೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. "ಆ ಕೋಳ ಬಿಚ್ಚಿ ಹಳೇ ಪೆಡಲು ಹಾಕು. ಇಲ್ಲವೋ, ಸುಬೇದಾರ್ರನ್ನು ನೀನೇ ಸಮಾಧಾನ ಮಾಡು. ಎರಡೂ ಆಗದಿದ್ರೆ ಬಸ್ಸು ಉಂಟು," ಎಂದರು. ಹಳೇ ಪೆಡಲು ಹಾಕಿದರೆ ಜಾರುತ್ತೇನೆ, ಜಾರಿದರೆ ಬಸ್ಸು. ಹೊಸದನ್ನು ಇಟ್ಟುಕೊಂಡರೆ ಸುಬೇದಾರರು, ಮತ್ತೆ ಬಸ್ಸು. ಕ್ಷಮೆ ಕೇಳಿಬಿಡು ಎಂದು ಒಲೆಯವರು ಹೇಳಿದರು. ಏನೆಂದು ಕೇಳಲಿ? ಏರು ಹತ್ತಿದ್ದು ತಪ್ಪಾಯಿತು ಎಂದೇ?

ಆ ಭಾನುವಾರ ಕಾಕನಿಗೆ ಹೇಳಿ, ಸೈಕಲ್ಲನ್ನು ತೊಳೆದು ಒರೆಸಿ, ಸುಬೇದಾರರ ಮನೆಗೆ ಹೋದೆ. ಗೇಟಿನಿಂದ ಅಂಗಳದವರೆಗೆ ತಳ್ಳಿಕೊಂಡೇ ಹೋದೆ. ಅವರು ಜಗಲಿಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಮುಖ ಗಂಟು ಹಾಕಿ ಕುಳಿತಿದ್ದರು. ಮನೆಯಮ್ಮ ಕಾಫಿ ಹಿಡಿದು ನಿಂತಿದ್ದರು.

"ಬಂದೆಯಾ? ಒಳ್ಳೇದಾಯ್ತು," ಎಂದರು ಅಮ್ಮ. "ಬ್ರೆಡ್ಡು ನಿಲ್ಲಿಸಿದ್ದು ಇವರೇ, ಅಕ್ಕಿರೊಟ್ಟಿ ಗಟ್ಟಿ ಅಂತ ಬೈಯುವುದು ನನಗೆ!"

"ನೀನು ಸುಮ್ಮನಿರು," ಎಂದು ಸುಬೇದಾರರು ನನ್ನ ಕಡೆ ತಿರುಗಿದರು. "ಯಾರು ಬರಲಿಕ್ಕೆ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಸೈಕಲ್ ತೋರಿಸೋಕೆ ಬಂದೆ."

"ಸೈಕಲ್ ನಾನು ನೋಡಿದ್ದೇನೆ. ಅದರ ಮೇಲೆ ಕೂತವನ ಮರ್ಯಾದೆಯನ್ನೂ ನೋಡಿದ್ದೇನೆ."

ನನಗೆ ಹೆದರಿಕೆಯಿತ್ತು. ಆದರೆ ಹೆದರಿಕೊಂಡು ಹೇಳಿದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ ಎಂದು ಒಂದೇ ಉಸಿರಿಗೆ ಹೇಳಿದೆ. "ಸುಬೇದಾರ್ರೇ, ಈ ಪೆಡಲಲ್ಲಿ ಕಾಲು ಕಟ್ಟಿರ್ತದೆ. ನಿಮ್ಮ ಗೇಟಿನ ಎದುರು ಇಳಿದ್ರೆ ಬೀಳ್ತೇನೆ, ನೀವೇ ನೋಡಿದ್ದೀರಿ. ಬಿದ್ರೆ ನಿಮ್ಮ ಬ್ರೆಡ್ಡೂ ಬೀಳ್ತದೆ. ಹಳೇ ಪೆಡಲಲ್ಲಿ ಮಳೆಗೆ ಜಾರ್ತದೆ. ನಾನು ಈ ಏರನ್ನು ತಳ್ಳಿಕೊಂಡು ಹೋಗೋನಲ್ಲ. ನಿಮಗೆ ಮರ್ಯಾದೆ ಕೊಡಬಾರದು ಅಂತಲೂ ಅಲ್ಲ. ಹೇಗೆ ಕೊಡೋದು ನೀವೇ ಹೇಳಿ, ಹಾಗೇ ಕೊಡ್ತೇನೆ."

ಅವರು ಎದ್ದು ಬಂದರು. ಬಾಗಿ ಬಳೆಯನ್ನು ಬೆರಳಿನಿಂದ ಬಡಿದು ನೋಡಿದರು, ಬೆಲ್ಟು ಎಳೆದು ನೋಡಿದರು. "ಹಿಡಿ," ಎಂದರು. ಏನೆಂದು ತಿಳಿಯುವಷ್ಟರಲ್ಲಿ ಸೀಟಿನ ಮೇಲೆ ಹತ್ತಿ ಕುಳಿತಿದ್ದರು. ನಾನು ಹ್ಯಾಂಡಲು ಹಿಡಿದು ಸೈಕಲ್ಲು ನಿಲ್ಲಿಸಿಕೊಂಡೆ. ಎರಡೂ ಪಾದ ತೂರಿಸಿ ಬೆಲ್ಟು ಬಿಗಿದುಕೊಂಡು, "ಈಗ ಇಳಿಯುತ್ತೇನೆ" ಎಂದು ಕಾಲು ಎತ್ತಲು ಹೋದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಸೈಕಲ್ಲು, ಸುಬೇದಾರರು, ನಾನು ಮೂವರೂ ವಾಲಿದೆವು. ಅಮ್ಮ ಕಾಫಿ ಲೋಟ ಜಗಲಿಯಲ್ಲಿಟ್ಟು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಅವರ ನಗು ಅಡುಗೆಮನೆಯಿಂದಲೂ ಕೇಳುತ್ತಿತ್ತು.

ಬಕಲ್ ಸಡಿಲಿಸಿ ನಾನೇ ಇಳಿಸಿದೆ. ಅವರು ಮೀಸೆ ಸರಿಮಾಡಿಕೊಂಡರು.

"ನೋಡು," ಎಂದರು. "ಪಟ್ಟಾಳದಲ್ಲಿ ಸೈಕಲ್ ಮೇಲಿರುವ ಸಿಪಾಯಿ ಆಫೀಸರ್ ಕಂಡರೆ ಇಳಿಯುವುದಿಲ್ಲ. ಕೈ ಎತ್ತಿ ಸೆಲ್ಯೂಟ್ ಕೂಡ ಮಾಡುವುದಿಲ್ಲ. ಕೈ ಹ್ಯಾಂಡಲ್ ಮೇಲೇ. ಬೆನ್ನು ನೇರ, ಗಲ್ಲ ಮೇಲೆ, ತಲೆ ಚಟ್ ಅಂತ ಆಫೀಸರ್ ಕಡೆ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ದಾಟಿದ ಮೇಲೆ ತಲೆ ಮುಂದೆ. ಅದು ಮರ್ಯಾದೆ. ನೀನು ಮಾಡಿದ್ದು ಎಂತ? ತಲೆ ತಗ್ಗಿಸಿ ಕೋಳಿ ಕದ್ದವನ ಹಾಗೆ ಹೋದೆ. ಇಳಿಯದ್ದಕ್ಕೆ ಅಲ್ಲ ನನಗೆ ಸಿಟ್ಟು ಬಂದದ್ದು."

ನಾನು ಬೆನ್ನು ನೇರ ಮಾಡಿ, ಗಲ್ಲ ಎತ್ತಿ ನಿಂತೆ.

"ನಾಳೆ ಬ್ರೆಡ್ಡು ತಾ. ಮಾಡಿ ತೋರಿಸು. ಸರಿಯಾದರೆ ಇಳಿಯುವುದು ಬೇಡ. ಸರಿಯಾಗದಿದ್ದರೆ ಆ ಬೆಲ್ಟು ಬಿಚ್ಚಿ ನನ್ನ ನಾಯಿಗೆ ಕಟ್ಟುತ್ತೇನೆ."

ಕೇಳಲು ಸುಲಭ. ಗೇಟಿನ ಎದುರಿಗೇ ರಸ್ತೆಗೆ ಅಡ್ಡಲಾಗಿ ಒಂದು ಮೋರಿ, ಅದರ ಕಲ್ಲುಗಳು ಹಲ್ಲಿನಂತೆ ಎದ್ದಿವೆ. ಯಾವ ಜಾಗದಲ್ಲಿ ಕಣ್ಣು ರಸ್ತೆಯ ಮೇಲೇ ಇರಬೇಕೋ ಅದೇ ಜಾಗದಲ್ಲಿ ತಲೆಯನ್ನು ಎಡಕ್ಕೆ ತಿರುಗಿಸಬೇಕು, ಅದೂ ಎದ್ದು ನಿಂತು ಬಗ್ಗಿ ತುಳಿಯಬೇಕಾದ ಕಡೆ ಬೆನ್ನು ನೆಟ್ಟಗೆ ಮಾಡಿಕೊಂಡು. ಸೋಮವಾರ ತಲೆ ತಿರುಗಿಸಿದ ಕಡೆಗೇ ಸೈಕಲ್ಲೂ ತಿರುಗಿ ಚರಂಡಿಯ ಅಂಚಿಗೆ ಹೋಯಿತು. ಬೀಳಲಿಲ್ಲ. "ಗಲ್ಲ ಎಲ್ಲಿ?" ಎಂದು ಹಿಂದಿನಿಂದ ಕೂಗಿದರು. ಆದರೆ ವಾಪಸು ಬರುವಾಗ ಗೇಟಿನಲ್ಲಿ ಆಳು ಬ್ರೆಡ್ಡು ತೆಗೆದುಕೊಂಡ.

ಅಲ್ಲಿಂದ ಶುರುವಾಯಿತು ನನ್ನ ಪರೇಡು. ಒಂದು ದಿನ "ಹೆಂಡತಿ ತವರಿಗೆ ಹೋದವನ ಹಾಗೆ ಮುಖ ಮಾಡಬೇಡ," ಇನ್ನೊಂದು ದಿನ "ತಡವಾಯ್ತು, ನನ್ನನ್ನು ದಾಟಿದ ಮೇಲೆ ಯಾರನ್ನು ನೋಡ್ತೀ, ಗೇಟನ್ನಾ?" ಮತ್ತೊಂದು ದಿನ "ಭುಜ, ಭುಜ!" ತಪ್ಪು ಹೇಳದೆ ಅವರು ನನ್ನನ್ನು ದಾಟಲು ಬಿಟ್ಟ ಬೆಳಗೇ ಇರಲಿಲ್ಲ. ನಾನೂ ಹಟ ಹಿಡಿದೆ. ಮೋರಿಯ ಒಂದೊಂದು ಕಲ್ಲನ್ನೂ ಕಾಲಿಗೇ ಕಲಿಸಿದೆ. ಬುಡದಲ್ಲಿ ಯಾವ ಗೆರೆ ಹಿಡಿದರೆ ಕಣ್ಣಿಲ್ಲದೆ ಎರಡು ಕಲ್ಲಿನ ನಡುವೆ ಚಕ್ರ ಹಾಯುತ್ತದೆ ಎಂದು ಹುಡುಕಿಕೊಂಡೆ. ಗೇಟಿಗೆ ಮೊದಲೇ ಎರಡು ಸುತ್ತು ಜೋರಾಗಿ ಎಳೆದಿಟ್ಟುಕೊಂಡರೆ, ಎದುರು ಬಂದಾಗ ಬೆನ್ನು ನೆಟ್ಟಗೆ ಮಾಡುವಷ್ಟು ವೇಗ ಉಳಿಯುತ್ತದೆ ಎಂದೂ ತಿಳಿಯಿತು. ಕಟ್ಟಿದ ಕಾಲಿಲ್ಲದೆ ಇದು ಯಾರಿಂದಲೂ ಆಗುವ ಕೆಲಸವಲ್ಲ. ನನ್ನನ್ನು ನೋಡಿ ರೈಟರು ಒಂದು ದಿನ ಏರಿನ ಮೇಲಿಂದ ಬರುವಾಗ ಸೈಕಲ್ಲಿನಿಂದ ಇಳಿಯದೆ ತಲೆ ತಿರುಗಿಸಿ ದಾಟಲು ನೋಡಿದನಂತೆ. "ನಿನ್ನ ಕಾಲು ಕಟ್ಟಿದೆಯೇನೋ? ಇಳಿ!" ಎಂದು ಸುಬೇದಾರರು ಗುಡುಗಿದರಂತೆ. ಅದನ್ನು ನನಗೆ ಹೇಳಿದ್ದು ಸ್ವತಃ ರೈಟರೇ, ಅಷ್ಟು ಹೊಟ್ಟೆಕಿಚ್ಚಿನಲ್ಲಿ.

ಮಳೆ ತಾರಕಕ್ಕೇರಿದ ಒಂದು ಬೆಳಿಗ್ಗೆ ಹೊರಡುವಾಗ ಯಜಮಾನರೇ ಬಾಗಿಲಿಗೆ ಬಂದರು. "ಇವತ್ತು ಬೇಡ ಬಿಡು. ಬಸ್ಸಿಗೆ ಹಾಕುವ."

"ಬಸ್ಸಿಗಿಂತ ಮೊದಲು ಮುಟ್ಟಿಸದಿದ್ರೆ ನಾಳೆಯಿಂದ ಬಸ್ಸಿಗೇ ಹಾಕಿ," ಎಂದು ಮೇಣದ ಬಟ್ಟೆ ಹೊದಿಸಿದ ಪೆಟ್ಟಿಗೆಗೆ ಇನ್ನೊಂದು ಹಗ್ಗ ಬಿಗಿದು ಹೊರಟೆ. ಹೇಳಿದ ಮೇಲೆ ಹಿಂದೆ ತೆಗೆದುಕೊಳ್ಳುವ ಮಾತಲ್ಲ ಅದು. ದಾರಿಯಲ್ಲಿ ಬಸ್ಸು ಹಾರನ್ ಹೊಡೆದು, ನನ್ನ ಮೇಲೆ ಕೆಸರು ಎರಚಿ ಮುಂದೆ ಹೋಯಿತು. ಕಂಡಕ್ಟರು ಕಿಟಕಿಯಿಂದ ಕೈ ಬೀಸಿದ. ಆಗ ನನ್ನ ಮನಸ್ಸು ಹೇಗಿತ್ತೆಂದು ಬರೆಯಲಾರೆ. ಇಡೀ ಲೈನು ನನ್ನ ಕಣ್ಣೆದುರೇ ಬಾಲ ಅಲ್ಲಾಡಿಸಿಕೊಂಡು ಹೋದಂತಿತ್ತು. ಆದರೂ ತುಳಿದೆ. ಇನ್ನೇನು ಮಾಡಲಿ, ಕಾಲು ಕಟ್ಟಿದೆ.

ಏರಿಗೆ ಸ್ವಲ್ಪ ಹಿಂದೆ ತಿರುವು ದಾಟಿದರೆ ಬಸ್ಸು ನಿಂತಿದೆ. ತೋಟದ ದೊಡ್ಡ ಅತ್ತಿಮರವೊಂದು ಬೇರು ಸಮೇತ ರಸ್ತೆಗೆ ಅಡ್ಡ ಬಿದ್ದಿದೆ. ಸುಬೇದಾರರ ಆಳುಗಳು ಕೊಂಬೆ ಕೊಂಬೆ ಕಡಿಯುತ್ತಿದ್ದರು. ಕೈ ಬೀಸಿದ ಕಂಡಕ್ಟರು ತಲೆಗೆ ಗೋಣಿ ಹೊದ್ದು ನಿಂತಿದ್ದ.

"ಸ್ವಲ್ಪ ಆಚೆ ಹಿಡೀತೀಯಾ?" ಎಂದೆ ಅವನಿಗೇ. ಅವನು ಮುಂದಿನ ಚಕ್ರ, ನಾನು ಪೆಟ್ಟಿಗೆ. ಸೈಕಲ್ಲು ಮರ ದಾಟಿತು. ಬಸ್ಸು ಅಲ್ಲೇ ಉಳಿಯಿತು.

ಆಚೆ ಪಾದ ತೂರಿಸಿ ಬೆಲ್ಟು ಬಿಗಿದೆ. ಏರಿನ ಮೇಲಿಂದ ನೀರು ಕಾಲುವೆಯಂತೆ ಇಳಿದು ಬರುತ್ತಿತ್ತು, ಕಲ್ಲು ಯಾವುದು ಗುಂಡಿ ಯಾವುದು ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಒತ್ತಿದೆ, ಎಳೆದೆ, ಒತ್ತಿದೆ, ಎಳೆದೆ. ಅಂಥ ಮಳೆಯಲ್ಲೂ ಗೇಟಿನ ಹೊರಗೆ ಸುಬೇದಾರರು ಕಪ್ಪು ಕೊಡೆ ಹಿಡಿದು ನಿಂತಿದ್ದರು, ಮರ ಕಡಿಯುವವರ ಮೇಲೆ ಕಣ್ಣಿಟ್ಟು. ರಸ್ತೆಯ ಆಚೆ ಬದಿಯಲ್ಲಿ ತೋಟದ ಕೂಲಿ ಲೈನಿನ ಹೆಂಗಸರೂ ರೈಟರೂ ನಿಂತಿದ್ದರು. ಎರಡು ಸುತ್ತು ಜೋರಾಗಿ ಎಳೆದೆ. ಬೆನ್ನು ನೆಟ್ಟಗೆ ಮಾಡಿದೆ, ಗಲ್ಲ ಎತ್ತಿದೆ, ತಲೆ ತಿರುಗಿಸಿದೆ. ಮಳೆ ನೀರು ಕಣ್ಣಿಗೆ ಹೊಡೆಯುತ್ತಿತ್ತು. ಮುಚ್ಚಲಿಲ್ಲ. ಚಕ್ರ ಮೋರಿಯ ಕಲ್ಲುಗಳ ನಡುವೆ ಹಾಯ್ದದ್ದು ಪಾದಕ್ಕೆ ತಿಳಿಯಿತು.

ಅವರ ಬೂಟುಗಳು ಒಂದಕ್ಕೊಂದು ಕೂಡಿಕೊಂಡವು. ಕೊಡೆ ಎಡಗೈಗೆ ಹೋಯಿತು, ಬಲಗೈ ಮೇಲೆದ್ದು ಹುಬ್ಬಿನ ಹತ್ತಿರ ನಿಂತಿತು.

ದಾಟಿದ ಮೇಲೆ ತಲೆ ಮುಂದೆ ಮಾಡಿ ಹಿಂದಿನಿಂದ ಬರುವ ಮಾತಿಗೆ ಕಿವಿಕೊಟ್ಟೆ. ಗಲ್ಲವೋ, ಭುಜವೋ, ಏನಾದರೂ ಇದ್ದೇ ಇರುತ್ತದೆ. ಮೇಲಿನ ತಿರುವಿನವರೆಗೂ ಕೇಳುತ್ತಾ ಹತ್ತಿದೆ. ಮಳೆಯ ಸದ್ದು, ಕೆಳಗೆ ಕೊಡಲಿಯ ಸದ್ದು, ನನ್ನ ಚೈನಿನ ಸದ್ದು. ಅವರು ಅವತ್ತು ಏನೂ ಹೇಳಲಿಲ್ಲ.